ಅರ್ಧ ಗಂಟೆಯ ಹೆಚ್ಚುವರಿ ಇಂಧನ

“ಈ ಒಬ್ಬರ ವಿಮಾನಕ್ಕೇ ಯಾಕಮ್ಮ ಪ್ರತಿಸಲ ಅರ್ಧ ಗಂಟೆ ಇಂಧನ ಜಾಸ್ತಿ?”

ಮೇಲಧಿಕಾರಿ ಆರು ತಿಂಗಳ ಕಾಗದಗಳನ್ನು ಮೇಜಿನ ಮೇಲೆ ಅವಳ ಮುಂದೆ ಹರಡಿದರು. ಯಾವ ವಿಮಾನ ಯಾವ ದಾರಿಯಲ್ಲಿ, ಎಷ್ಟು ಹೊತ್ತು, ಎಷ್ಟು ಇಂಧನದಲ್ಲಿ ಹಾರಬೇಕೆಂದು ನೆಲದ ಮೇಲೆ ಕೂತು ಲೆಕ್ಕ ಹಾಕುವುದು ಅವಳ ಕೆಲಸ. ಪೈಲಟ್‌ಗಳ ಬಾಯಲ್ಲಿ ಅವಳು ಲೆಕ್ಕದಮ್ಮ. ಆ ವಿಮಾನ ಹೊರಡುವ ದೂರದ ಊರಿನಿಂದ ಇಲ್ಲಿಗೆ ಹದಿಮೂರು ಸಾವಿರದ ಒಂಬೈನೂರು ಕಿಲೋಮೀಟರ್. ಗಾಳಿ ಹಿಂದಿನಿಂದ ಬೀಸಿದರೆ ಹದಿನೈದು ಗಂಟೆ ನಲವತ್ತು ನಿಮಿಷ. ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದಳು.

“ಹವಾಮಾನ ಸರ್...”

“ಮೋಡ ಇಲ್ಲದ ದಿನವೂ ಹಾಕಿದ್ದೀರಿ. ಎರಡಕ್ಕೆ ಶಿಫ್ಟ್ ಮುಗಿಯೋದರೊಳಗೆ ಕಾರಣ ಬರೆದುಕೊಡಿ. ನಾಳೆಯಿಂದ ಆ ವಿಮಾನ ಬೇರೆಯವರು ನೋಡ್ಕೋತಾರೆ.”

ಇನ್ನು ಆ ವಿಮಾನದ ಕ್ಯಾಪ್ಟನ್‌ಗೆ ಇಲ್ಲಿಗೆ ಬರಲು ನೆಪವೇ ಇರುವುದಿಲ್ಲ.

ಎರಡಕ್ಕೆ ಹತ್ತು ನಿಮಿಷವಿರುವಾಗ ಕ್ಯಾಪ್ಟನ್ ಬಂದ. ಟೋಪಿ ಕಂಕುಳಲ್ಲಿ, ಕಣ್ಣ ಕೆಳಗೆ ಕಪ್ಪು. ಹಾರಾಟ ಮುಗಿದ ಮೇಲೆ ಸಹಿ ಹಾಕಿದ ಲೆಕ್ಕದ ಹಾಳೆಯನ್ನು ಫೋನಿನಲ್ಲಿ ಕಳಿಸಿದರೂ ನಡೆಯುತ್ತಿತ್ತು. ಆದರೂ ಪ್ರತಿಸಲ ತಾನೇ ತರುತ್ತಿದ್ದ.

“ಲೆಕ್ಕದಮ್ಮ, ನಿಮ್ಮ ಗಾಳಿ ಲೆಕ್ಕ ಮತ್ತೆ ಕೈಕೊಡ್ತು, ಬೇಗ ಇಳಿದ್ಬಿಟ್ಟೆ.”

ಅವಳು ನಗಲಿಲ್ಲ. ಅವನು ಕುರ್ಚಿ ಎಳೆದು ಕುಸಿದು ಕೂತ. ಅವಳು ನಡೆದದ್ದನ್ನು ಹೇಳಿದಳು.

“ನಿಜವಾಗಿ ಯಾಕೆ ಹಾಕ್ತಿದ್ರಿ?”

“ಭಯಕ್ಕೆ. ಬೇರೆಯವರ ವಿಮಾನ ಆದ್ರೆ ಲೆಕ್ಕ ಹಾಕಿ ಮರೆತುಬಿಡ್ತೀನಿ. ನೀವು ಹಾರಿದ್ರೆ ಹದಿನೈದು ಗಂಟೆ ಊಟ ಸೇರಲ್ಲ, ನಿದ್ದೆ ಹತ್ತಲ್ಲ. ‘ಯಾರದೋ ವಿಮಾನಕ್ಕೆ ನೀನ್ಯಾಕೆ ಸೊರಗ್ತೀಯ’ ಅಂತ ಅಕ್ಕ ಬೈತಾಳೆ. ನನಗೂ ಸಾಕಾಗಿದೆ.”

ಅವನು ತಲೆ ತಗ್ಗಿಸಿದ. ಕಿವಿ ಕೆಂಪಾಗಿತ್ತು.

“ಆ ಇಂಧನದಲ್ಲಿ ಒಂದು ಹನಿನೂ ನಾನು ಉಳಿಸಿಲ್ಲ. ವೇಗ ಹೆಚ್ಚಿಸಿ ಸುಟ್ಟುಬಿಟ್ಟೆ.”

“ಯಾಕೆ?”

“ನಿಮ್ಮ ಲೆಕ್ಕದ ಪ್ರಕಾರ ಇಳಿದ್ರೆ ನಾನಿಲ್ಲಿಗೆ ಬರೋಷ್ಟರಲ್ಲಿ ನೀವು ಮನೆಗೆ ಹೋಗಿರ್ತೀರಿ.”

ಅವಳಿಗೆ ಮೈಯೆಲ್ಲ ಉರಿಯಿತು. “ನಿಮ್ಮ ಜೀವಕ್ಕೆ ಅಂತ ಇಟ್ಟಿದ್ದನ್ನ ನನ್ನ ಮುಖ ನೋಡೋಕೆ ಸುಟ್ರಾ?”

“ಹೂಂ.”

ಸುಳ್ಳು ಹೇಳಲಾರದಷ್ಟು ದಣಿದವನ ಹೂಂ ಅದು. ಅವಳ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು.

ಕಾರಣದ ಹಾಳೆಯಲ್ಲಿ ಅವಳು ‘ಹವಾಮಾನವಲ್ಲ, ತಪ್ಪು ನನ್ನದು’ ಎಂದು ಬರೆದಳು. ಅವನು ಪೆನ್ನು ಕಸಿದುಕೊಂಡು ‘ನನ್ನದೂ’ ಎಂದು ಸೇರಿಸಿ ಸಹಿ ಹಾಕಿದ.

“ಇನ್ಮೇಲೆ ಬೇಗ ಬರೋಕಾಗಲ್ಲ,” ಎಂದ. “ಶಿಫ್ಟ್ ಮುಗಿದ ಮೇಲೆ ಕಾಲು ಗಂಟೆ ಕಾಯ್ತೀರಾ?”

“ಇಷ್ಟು ದಿನ ಹದಿನೈದು ಗಂಟೆ ಕಾದಿದ್ದೀನಿ,” ಎಂದಳು ಅವಳು. “ಈ ಕಾಲು ಗಂಟೇಲಾದ್ರೂ ನೀವು ನೆಲದ ಮೇಲಿರ್ತೀರಲ್ಲ.”