ಇಪ್ಪತ್ತು ಸೆಕೆಂಡಿನ ಬೆಳಕು

ಸಿಂದಗಿ ಬಸ್ ಸ್ಟ್ಯಾಂಡ್ ಎದುರಿನ ಹಲ್ಲಿನ ಕ್ಲಿನಿಕ್ಕಿಗೆ ಚೇತನಕುಮಾರ ಕೆನ್ನೆ ಹಿಡಿದುಕೊಂಡು ಬಂದದ್ದೇ ತಡ, ಡಾಕ್ಟರ್ ದಾನೇಶ್ವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಿಕ್ಕನಲ್ಲ ಮಹಾರಾಯ!

ಆರು ತಿಂಗಳ ಹಿಂದೆ ಅವಳನ್ನು ನೋಡಲು ಬಂದಿದ್ದ ವರ ಇವನೇ. ಹಿತ್ತಲಲ್ಲಿ ಅರ್ಧ ಗಂಟೆ ನಗುತ್ತ ಮಾತಾಡಿ ಅವಳ ನಿದ್ದೆ ಕದ್ದಿದ್ದ. ಆಮೇಲೆ ಪಡಸಾಲೆಯಲ್ಲಿ ಅವನ ತಾಯಿ ಇಂದುಬಾಯಿ, "ಮದುವಿ ಆದ ಮ್ಯಾಲ ಕ್ಲಿನಿಕ್ ಬಂದ್. ಮಂದಿ ಬಾಯಾಗ ಕೈ ಹಾಕೋ ಸೊಸಿ ನಮಗ ಬ್ಯಾಡ" ಎಂದಾಗ ಈ ಪುಣ್ಯಾತ್ಮ ತಟ್ಟೆಯ ಅವಲಕ್ಕಿಯನ್ನೇ ನೋಡುತ್ತ ಕುಳಿತಿದ್ದ. ಸಂಬಂಧ ಮುರಿಯಿತು. ಅವಳ ಹೊಟ್ಟೆಯ ಉರಿ ಮಾತ್ರ ಇನ್ನೂ ಆರಿರಲಿಲ್ಲ.

"ಬಾಯಿ ತಗೀರಿ. ಅವತ್ತಂತೂ ತಗೀಲಿಲ್ಲ."

ಇಂಜೆಕ್ಷನ್ ಕೊಟ್ಟಳು, ಹುಳುಕು ಕೆರೆದಳು, ಹಲ್ಲಿನ ಬಣ್ಣದ ಮೆತ್ತನೆಯ ರೆಸಿನ್ ತುಂಬಿದಳು. ಇನ್ನು ನೀಲಿ ಬೆಳಕು. ಇಪ್ಪತ್ತು ಸೆಕೆಂಡು ಹಿಡಿದರೆ ಕಲ್ಲಿನಂತೆ ಗಟ್ಟಿ. ಕಡಿಮೆ ಹಿಡಿದರೆ ಮೇಲಷ್ಟೇ ಗಟ್ಟಿ, ಒಳಗೆ ಹಸಿ. ಬೇಗನೆ ಕಿತ್ತು ಬರುತ್ತದೆ. ಬರಲಿ, ನರಳಲಿ! ಯಾವ ಪೇಶಂಟಿಗೂ ಇಂಥ ಮೋಸ ಮಾಡಿರದ ದಾನೇಶ್ವರಿ ಐದೇ ಸೆಕೆಂಡಿಗೆ ದೀಪ ಆರಿಸಿದಳು.

ಬೆಳಕು ಕಣ್ಣಿಗೆ ತಾಗದಂತೆ ಹಾಕಿದ್ದ ಕಿತ್ತಳೆ ಬಣ್ಣದ ಕನ್ನಡಕದೊಳಗಿಂದ ಅವನು ಅವಳನ್ನೇ ನೋಡುತ್ತಿದ್ದ. ಆ ಹಾಳು ಕಣ್ಣುಗಳು ಹಿತ್ತಲಲ್ಲಿ ನಕ್ಕ ಹಾಗೆಯೇ ನಗುತ್ತಿದ್ದವು.

"ಐದು ಸೆಕೆಂಡ್," ಎಂದ, ಮರಗಟ್ಟಿದ ತುಟಿಯಲ್ಲಿ ತೊದಲುತ್ತ. "ನಂದು ಮೊಬೈಲ್ ಅಂಗಡಿ ಅಲ್ರಿ? ಗ್ಲಾಸ್ ಅಂಟಸೂವಾಗ ನಾನೂ ಇಂಥಾದ್ದ ಲೈಟ್ ಹಿಡೀತೇನಿ. ಕಡಿಮಿ ಆದ್ರ ಕಿತ್ತು ಬರ್ತೈತಿ."

ಅವಳ ಮುಖ ಕೆಂಪಾಯಿತು. "ಗೊತ್ತಿದ್ದೂ ಯಾಕ ಸುಮ್ಮನ ಕುಂತ್ರಿ?"

"ಕಿತ್ತು ಬಂದ್ರ ಮತ್ತ ಬರಬಹುದಲ್ರಿ. ಆರು ತಿಂಗಳಿಂದ ಒಂದು ನೆವ ಹುಡಕಾಕತ್ತೇನಿ. ತಪ್ಪು ನಂದೈತಿ. ನಿಮ್ಮನ್ನ ಬಿಟ್ಟು ಇರಾಕ ಆಗವಲ್ದು."

ನಾಚಿಕೆ, ಪ್ರೀತಿ, ಸಿಟ್ಟು ಎಲ್ಲ ಒಟ್ಟಿಗೇ ಉಕ್ಕಿ ಬಂದವು. ಗೆದ್ದದ್ದು ಸಿಟ್ಟೇ.

"ನನಗ ಹೇಳಬ್ಯಾಡ್ರಿ. ನಿಮ್ಮ ಅವ್ವಗ ಫೋನ್ ಹಚ್ರಿ."

"ತುಟಿ ಸರಿ ಆಗಲಿ..."

"ಈಗ!"

ಸ್ಪೀಕರ್ ಹಾಕಿ ಹಚ್ಚಿದ. "ಅವ್ವಾ, ದಾನೇಶ್ವರಿನ್ನ ಮದುವಿ ಆಗ್ತೇನಿ. ಆಕಿ ಕ್ಲಿನಿಕ್ ಬಂದ್ ಮಾಡಂಗಿಲ್ಲ."

ಎದುರಿಗಿದ್ದವಳಿಗೆ ತಿಳಿದ ತೊದಲು ಫೋನಿನಲ್ಲಿ ತಿಳಿಯಲಿಲ್ಲ. "ಏನಂದಿ?" ಎಂದರು ಇಂದುಬಾಯಿ. ಮತ್ತೆ ಹೇಳಿದ. "ಬಾಯಾಗೇನು ಇಟ್ಕೊಂಡೀಯೋ? ಜೋರ್ ಹೇಳು!" ಮೂರನೇ ಸಲ ಅವನು ಒದರಿದ್ದು ಹೊರಗೆ ಕುಳಿತ ಪೇಶಂಟುಗಳಿಗೆಲ್ಲ ಕೇಳಿಸಿತು. ಯಾರೋ ಚಪ್ಪಾಳೆ ತಟ್ಟಿಯೇಬಿಟ್ಟರು.

ಆ ಚಪ್ಪಾಳೆ ಇಂದುಬಾಯಿಗೂ ಕೇಳಿಸಿತು. "ಆತು, ಒದರಬ್ಯಾಡ. ಕರಕೊಂಡು ಬಾ ಆಕಿನ್ನ."

ಆಹಾ! ದಾನೇಶ್ವರಿಯ ಹೊಟ್ಟೆ ಈಗ ತಣ್ಣಗಾಯಿತು.

"ಬಾಯಿ ತಗೀರಿ," ಎಂದಳು ಮೆಲ್ಲಗೆ. ಅವನ ಗದ್ದಕ್ಕೆ ಕೈ ಆನಿಸಿ, ದೀಪ ಹಿಡಿದು ಒಂದರಿಂದ ಎಣಿಸಿದಳು. ಇಪ್ಪತ್ತು ಮುಗಿದ ಮೇಲೂ ಆ ಕೈ ಅಲ್ಲೇ ಇತ್ತು.