ತುಂಡಾಗದ ಕೆಂಪು ದಾರ

"ರೀ! ಬಿಡ್ರೀ ಅದನ್ನ!"

ಹೇಳುವಷ್ಟರಲ್ಲಿ ಕಾಲ ಮಿಂಚಿತ್ತು. ಟ್ರಯಲ್ ರೂಮಿನ ಪರದೆ ಸರಳಿನ ಸಮೇತ ಕಳಚಿ ಬಿತ್ತು. ಒಳಗೆ ಹೊಸ ರವಿಕೆಗೆ ಒಂದೇ ತೋಳು ತೂರಿಸಿಕೊಂಡು ನಿಂತಿದ್ದ ಗಿರಾಕಿ ಕಿಟಾರನೆ ಕಿರುಚಿದಳು. ಟೈಲರಮ್ಮ ಕೈಯಲ್ಲಿದ್ದ ಅಳತೆಕೋಲಿನಿಂದ ಆ ಅಪರಿಚಿತನ ಬೆನ್ನಿಗೆ ಒಂದು ಬಾರಿಸಿಯೇಬಿಟ್ಟಳು!

ಅವನಿಗೆ ಅದರ ಪರಿವೆಯೇ ಇಲ್ಲ. ಸರಳನ್ನು ಎದೆಗವಚಿಕೊಂಡು ನಿಂತಿದ್ದ.

"ಇದು ವಿಮಾನದ ಪೈಪು... ನಿಮಗೆ ಹೇಗೆ ಸಿಕ್ಕಿತು?"

"ನಮ್ಮಜ್ಜಿ ಬೆಟ್ಟದಿಂದ ತಂದಿದ್ದು. ಮೊದಲು ಪರದೆ ಎತ್ತಿ ಹಿಡಿದು ಆ ಕಡೆ ತಿರುಗಿ ನಿಂತ್ಕೊಳ್ಳಿ!"

ತಿರುಗಿ ನಿಂತವನ ಕಿವಿ ಕೆಂಪಾಗಿದ್ದನ್ನು ಕಂಡು, ಕೋಪದ ನಡುವೆಯೂ ಟೈಲರಮ್ಮನಿಗೆ ನಗು ಬಂತು.

ಅವನು ವಸ್ತುಸಂಗ್ರಹಾಲಯದ ಸಂಶೋಧಕ. ಯುದ್ಧಕಾಲದಲ್ಲಿ ಊರಿನ ಬೆಟ್ಟಕ್ಕೆ ಬಡಿದು, ಅರ್ಧಭಾಗ ಕೆಳಗಿನ ಸರೋವರದಲ್ಲಿ ಮುಳುಗಿಹೋದ ಬಾಂಬರ್ ವಿಮಾನದ ಚೂರುಗಳನ್ನು ಹುಡುಕುತ್ತಾ ಮನೆಮನೆ ಅಲೆಯುತ್ತಿದ್ದ. ಊರವರು ಆಗಲೇ 'ಗುಜರಿ ಸಾಹೇಬ' ಅಂತ ನಾಮಕರಣ ಮಾಡಿ ಮುಗಿಸಿದ್ದರು.

ಎರಡನೇ ಸಲ ಬಂದಾಗ ಅವನು ಮನಸ್ಸು ಬಿಚ್ಚಿ ಮಾತಾಡಿದ.

"ವಿಮಾನದಲ್ಲಿ ಏಳು ಜನ ಇದ್ದರು. ಆರು ಜನರ ಶವ ಸಿಕ್ಕವು, ಅವರವರ ಪ್ಯಾರಾಚೂಟ್ ಸಮೇತ. ಏಳನೆಯವನು, ರೇಡಿಯೊ ಆಪರೇಟರ್... ಅವನೂ ಇಲ್ಲ, ಅವನ ಪ್ಯಾರಾಚೂಟೂ ಇಲ್ಲ. ಅಂದರೆ ಹಾರಿ ಬದುಕಿಕೊಂಡಿರಬೇಕು!"

"ನಿಮಗೆ ಅವನು ಏನಾಗಬೇಕು?"

"ನಮ್ಮಜ್ಜಿಯ ಅಣ್ಣ. ಅಜ್ಜಿ ಇನ್ನೂ ಕಾಯ್ತಿದ್ದಾರೆ. ಅವನು ಎಲ್ಲಿದ್ದ, ಹೇಗಿದ್ದ ಅಂತ ಅವರು ಕಣ್ಣು ಮುಚ್ಚೋದರೊಳಗೆ ತಿಳಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಪ್ಯಾರಾಚೂಟ್ ಚೀಲ ಸಿಕ್ಕಿದರೂ ಸಾಕು. ಅದರ ಪಿನ್ನಿಗೆ ಕೆಂಪು ದಾರ ಕಟ್ಟಿರ್ತಾರೆ. ಹಾರಿದವನು ಹಿಡಿ ಎಳೆದರೆ ದಾರ ತುಂಡಾಗುತ್ತೆ."

ಕೆಂಪು ದಾರ!

ಅವಳು ಅದನ್ನು ಕಂಡಿದ್ದಳು. ಅವನು ಹೋದ ಮೇಲೆ ಬೀರು ತೆರೆದಳು. ಅಜ್ಜಿ ಬೆಟ್ಟದ ಇಳಿಜಾರಿನಿಂದ ಹೊತ್ತು ತಂದಿದ್ದ ಕ್ಯಾನ್ವಾಸ್ ಚೀಲ ಅಲ್ಲೇ ಇತ್ತು. ಅಜ್ಜಿ ಅದರ ಪಕ್ಕವನ್ನು ಕತ್ತರಿಯಿಂದ ಸೀಳಿ, ರೇಷ್ಮೆಯನ್ನೆಲ್ಲ ಹೊರಗೆಳೆದು ಮನೆಮಂದಿಗೆ ಅಂಗಿ ಹೊಲಿದಿದ್ದರು. ಚೀಲ ಅಂಗಿಯ ಗುಂಡಿಗಳನ್ನು ತುಂಬಿಡೋಕೆ ಉಳಿದಿತ್ತು.

ಚೀಲದ ಬಾಯಿ ಮಾತ್ರ ಮುಚ್ಚಿದಂತೆಯೇ ಇತ್ತು. ಪಿನ್ನು ಇತ್ತು. ಬಣ್ಣ ಮಾಸಿದ ಕೆಂಪು ದಾರ... ತುಂಡಾಗಿರಲಿಲ್ಲ.

'ಅವನು ಹಾರಲೇ ಇಲ್ಲ. ವಿಮಾನದ ಅರ್ಧಭಾಗದ ಜೊತೆ ಕೆಳಗಿನ ಸರೋವರ ಸೇರಿಬಿಟ್ಟ... ಇದನ್ನ ಆ ಮುದುಕಿಗೆ ಹೇಗೆ ಹೇಳಲಿ?'

ಹೇಳಲಿಲ್ಲ. ಅವನು ಹಳೇ ಆಸ್ಪತ್ರೆಗಳನ್ನು ಸುತ್ತಿದ, ಪಕ್ಕದೂರಿನ ಹಿರಿಯರನ್ನೆಲ್ಲ ಕಂಡ, ಪ್ರತಿ ಸಲವೂ ಬರಿಗೈಯಲ್ಲಿ ಅವಳ ಅಂಗಡಿಗೆ ಬಂದ. ಅವಳ ಎದುರಿನ ಸ್ಟೂಲು ಅವನದೇ ಆಯಿತು. ಅವನ ಹೆಜ್ಜೆ ಸಪ್ಪಳಕ್ಕೆ ಅವಳ ಮಿಷನ್ನು ತಂತಾನೇ ನಿಲ್ಲತೊಡಗಿತು. ಪ್ರೀತಿ ಅಂತ ಇಬ್ಬರೂ ಬಾಯಿಬಿಡಲಿಲ್ಲ, ಅಷ್ಟೆ!

ಒಂದು ಮಧ್ಯಾಹ್ನ ಅವನ ಕೋಟಿನ ಗುಂಡಿ ಕಿತ್ತುಬಂತು. ಹೊಲಿಗೆಯಿಂದ ತಲೆಯೆತ್ತದೆ, ಚಿಕ್ಕಂದಿನ ರೂಢಿಯಂತೆ ಅವಳು ಅಂದುಬಿಟ್ಟಳು.

"ಬೀರುವಿನಲ್ಲಿ ಗುಂಡಿ ಚೀಲ ಇದೆ, ತಗೊಳ್ಳಿ."

ಅಂದ ಮೇಲೆ ನೆನಪಾಯಿತು. ಕುರ್ಚಿ ಉರುಳಿಸಿ ಓಡಿದಳು...

ಅವನು ಚೀಲ ಹಿಡಿದು ನಿಂತಿದ್ದ. ಬೆರಳು ಕೆಂಪು ದಾರದ ಮೇಲಿತ್ತು.

"ಗೊತ್ತಿತ್ತಾ ನಿಮಗೆ?"

"ನಿಮ್ಮಜ್ಜಿಯ ಆಸೆ ಸಾಯಬಾರದು ಅಂತ..."

"ಇಲ್ಲದವನನ್ನ ಊರೂರು ಹುಡುಕಿಸಿದಿರಲ್ಲ! ಬಂದು ಕಷ್ಟ ಹೇಳ್ಕೊಂಡಾಗಲೆಲ್ಲ ಚಹಾ ಕೊಟ್ಟು ಕೇಳಿಸ್ಕೊಂಡಿರಿ!"

ಚೀಲವನ್ನು ಮೇಜಿನ ಮೇಲಿಟ್ಟು ಹೊರಟೇಹೋದ. ಗುಂಡಿಯಿಲ್ಲದ ಕೋಟಿನಲ್ಲೇ.

ವಾರಗಳು ಉರುಳಿದವು. ಅವನ ಸುಳಿವಿಲ್ಲ. ಸ್ಟೂಲು ನೋಡಿದಾಗಲೆಲ್ಲ ಅವಳಿಗೆ ಅಳು ಉಕ್ಕಿ ಬರುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಚೀಲವನ್ನು ಎತ್ತಿಕೊಂಡು ಅವನ ಊರಿನ ರೈಲು ಹತ್ತಿದಳು.

ಬಾಗಿಲು ತೆರೆದವನು ಅವನೇ. ಮುಖ ಬಾಡಿಹೋಗಿತ್ತು.

"ನನಗೂ ಹೇಳೋಕೆ ಆಗಿಲ್ಲ," ಅಂದ ಮೆಲ್ಲಗೆ. "ದಿನಾ ಅಜ್ಜಿ ಪಕ್ಕ ಕೂರ್ತೀನಿ. ಬಾಯಿ ಬರಲ್ಲ."

ಹಾಸಿಗೆಯ ಮೇಲೆ ಅಜ್ಜಿ ಒರಗಿ ಕೂತಿದ್ದರು. ಅವಳು ಚೀಲವನ್ನು ಅವರ ಕೈಗಿಟ್ಟು, ಬೆರಳನ್ನು ದಾರದ ಮೇಲೆ ತಂದಳು. ಹಾರಿದ್ದರೆ ಅದು ತುಂಡಾಗಿರುತ್ತಿತ್ತು ಎಂದು ಹೇಳಿದಳು.

ಅಜ್ಜಿ ಬಹಳ ಹೊತ್ತು ದಾರವನ್ನು ಸವರಿದರು.

"ಹಾಗಾದರೆ... ಬದುಕಿದ್ದೂ ಬಾರದೇ ಹೋದವನಲ್ವಾ ಅವನು?"

"ಅಲ್ಲ ಅಜ್ಜಿ."

"ಎಲ್ಲೋ ಸಂಸಾರ ಹೂಡಿ ತಂಗಿಯನ್ನ ಮರೆತ ಅಂತ ಇಷ್ಟು ವರ್ಷ ಮುನಿಸ್ಕೊಂಡಿದ್ದೆನಲ್ಲಮ್ಮ! ಅವನ ಫೋಟೋ ಗೋಡೆ ಮೇಲಿಡೋಕೆ ಬಿಡಲಿಲ್ಲ ನಾನು... ಅಯ್ಯೋ ಅಣ್ಣಾ! ನೀನು ಬರೋಕೆ ಇರಲೇ ಇಲ್ಲವಲ್ಲೋ!"

ಚೀಲಕ್ಕೆ ಮುಖ ಒತ್ತಿ ಚಿಕ್ಕ ಹುಡುಗಿಯಂತೆ ಬಿಕ್ಕಿಬಿಕ್ಕಿ ಅತ್ತರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮೊಮ್ಮಗನ ಕಡೆ ತಿರುಗಿದರು.

"ಪೆಟ್ಟಿಗೆ ಅಡಿಯಲ್ಲಿ ಫೋಟೋ ಇದೆ. ತಂದು ಹಾಕೋ. ನನಗೆ ಕಾಣೋ ಹಾಗೆ."

ಅವನು ಕುರ್ಚಿ ಹತ್ತಿ ಮೊಳೆ ಹೊಡೆದ. ಅವಳು ಕುರ್ಚಿ ಹಿಡಿದಳು. ಇಪ್ಪತ್ತು ದಾಟದ ಹುಡುಗನೊಬ್ಬ ಗೋಡೆಯಿಂದ ತಂಗಿಯನ್ನು ನೋಡಿ ನಗುತ್ತಿದ್ದ.

"ಅಜ್ಜಿಗೋಸ್ಕರ ಅಂದಿದ್ದು ಪೂರ್ತಿ ನಿಜ ಅಲ್ಲ," ಎಂದಳು ಅವಳು, ತಲೆ ತಗ್ಗಿಸಿ. "ಹುಡುಕಾಟ ಮುಗಿದರೆ ನೀವು ಮತ್ತೆ ಬರಲ್ಲ ಅಂತ ಹೆದರಿದ್ದೆ. ಕ್ಷಮಿಸಿ... ಹೊರಡ್ತೀನಿ."

ಅವನು ಕುರ್ಚಿಯಿಂದಿಳಿದ. ಕಣ್ಣು ತುಂಬಿತ್ತು.

"ಕೋಟಿಗೆ ಇನ್ನೂ ಗುಂಡಿ ಹಾಕ್ಸಿಲ್ಲ ನಾನು."

"ಅಷ್ಟು ದಿನದಿಂದಾನಾ? ಬೇರೆ ಟೈಲರ್ ಸಿಗಲಿಲ್ವಾ?"

"ಹುಡುಕಲಿಲ್ಲ."

ಅವಳು ಅಳುತ್ತಲೇ ಅಜ್ಜಿಯ ಮಡಿಲಲ್ಲಿದ್ದ ಚೀಲದೊಳಗೆ ಕೈ ಹಾಕಿ ಒಂದು ಗುಂಡಿ ತೆಗೆದಳು.

"ಕೋಟು ಕೊಡಿ."