ಗಾಜಿನಲ್ಲಿ ನೆಟ್ಟಗೆ ನಿಂತವಳು

ಉದಗೀರಿಗೆ ರೈಲು ಬಂದ ಹೊಸತು. ನನ್ನಣ್ಣ ಮನ್ಮಥಪ್ಪನಿಗೆ ಗಾಡಿಗಳ ಫೋಟೋ ತೆಗೆಯುವ ಹುಚ್ಚು. ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಬೆಳಕು ನುಗ್ಗದಂತೆ ಅವನ ತಲೆಯ ಮೇಲೆ ಕರಿಬಟ್ಟೆ ಹಿಡಿಯುವುದು ನನ್ನ ಕೆಲಸ. ಆ ಮಧ್ಯಾಹ್ನ ಗೂಡ್ಸ್ ಗಾಡಿ ಹತ್ತಿರವಾದಾಗ ಅಣ್ಣ ಬಟ್ಟೆಯೊಳಗಿಂದ ಕೂಗಿದ.

"ಚಂಪಾ, ಹಳಿ ಬಿಟ್ಟು ಈಚಿಗಿ ಬಾ!"

"ನಾ ನಿನ್ನ ಬೆನ್ನ ಹಿಂದೇ ಇದ್ದೀನಲ್ಲಾ ಅಣ್ಣಾ."

"ಮಜಾಕ್ ಮಾಡಬ್ಯಾಡ. ಗಾಡಿ ತಲಿಕೆಳಗ ಬರ್ಲಿಕತ್ತದ, ನೀ ಒಬ್ಬಾಕಿ ನೆಟ್ಟಗ ನಿಂತೀದಿ!"

ಹಳಿಯ ಮೇಲೆ ಯಾರೂ ಇರಲಿಲ್ಲ. ಮುಖದ ಮೇಲೆ ಬಟ್ಟೆ ಇದ್ದಂತೆಯೇ ಅಣ್ಣ ಗಾಡಿಯತ್ತ ನುಗ್ಗಿದ. ನಾನು ಹಿಂದಿನಿಂದ ಅವನ ಸೊಂಟವನ್ನು ಬಿಗಿಯಾಗಿ ಹಿಡಿದೆ. ಗಾಡಿ ದಾಟಿ ಹೋಯಿತು.

"ನೀ ಹಿಂದ ಹಿಡದಿದ್ದಿ," ಎಂದ ಅಣ್ಣ. "ಮುಂದಿಂದ ನನ್ನ ಕೈ ಜಗ್ಗಿದಾಕಿ ಯಾರು?"

ಉರಿಬಿಸಿಲಲ್ಲೂ ಅವನ ಬಲಗೈ ತಣ್ಣಗಿತ್ತು. ಮನೆ ಸೇರುವವರೆಗೂ ತಿಕ್ಕಿದೆ, ಬಿಸಿಯಾಗಲಿಲ್ಲ.